ಮಗಳ ಬಳಪ ತಿಂದ ವರ್ಷ

ನಾನು ಸೋಮಾರಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆ ಎರಡು ವರ್ಷ ಈ ಒಂದು ಮಾತನ್ನು ಯಾರ ಮುಂದೆಯೂ ಆಡಲಾಗದೆ ನುಂಗಿಕೊಂಡಿದ್ದೆ. ಕೊನೆಕೊನೆಗೆ ನನಗೇ ಅದರಲ್ಲಿ ನಂಬಿಕೆ ಹೋಗಿತ್ತು.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಎದುರು ಮನೆಗೆ ಬಾಡಿಗೆಗೆ ಬಂದಿರುವ ಹುಡುಗಿಯೊಬ್ಬಳು ಮೊನ್ನೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ಕುಸಿದು ಕೂತಳು. ಎರಡು ಚಿಕ್ಕ ಮಕ್ಕಳ ತಾಯಿ. "ನಿಮಗೂ ಯಾವತ್ತಾದ್ರೂ ಏನೂ ಬೇಡ ಅನ್ಸಿತ್ತಾ ಆಂಟಿ? ಮಕ್ಕಳು ಕೂಡ?" ಎಂದು ಕೇಳಿದಳು. ಕೇಳಿದ ಮೇಲೆ ತಾನೇ ಹೆದರಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಆಗ ನಾವು ಜಯನಗರಕ್ಕೆ ಬಂದು ಮೂರು ವರ್ಷವಾಗಿತ್ತು. ಅದಕ್ಕೆ ಮುಂಚೆ ಬಸವನಗುಡಿಯ ಒಂದು ವಠಾರದಲ್ಲಿದ್ದೆವು. ಎರಡು ಕೋಣೆ, ಆರು ಮನೆಗೆ ಒಂದು ಬಚ್ಚಲು, ಬೆಳಗೆದ್ದರೆ ನಲ್ಲಿಯ ಹತ್ತಿರ ಜಗಳ. ಸ್ವಂತ ಮನೆಗೆ ಬಂದಾಗ ಸ್ವರ್ಗಕ್ಕೆ ಬಂದೆ ಎಂದುಕೊಂಡೆ. ಸುತ್ತ ಮುತ್ತ ಖಾಲಿ ಸೈಟುಗಳು, ಹಿಂದೆ ಇನ್ನೂ ರಾಗಿ ಹೊಲ, ರಸ್ತೆಗೆ ನೆಟ್ಟ ಗಿಡಗಳು ಆಳೆತ್ತರ ಕೂಡ ಬಂದಿರಲಿಲ್ಲ. ಸ್ವರ್ಗದಲ್ಲಿ ಮಾತಾಡಿಸುವವರು ಯಾರೂ ಇರಲಿಲ್ಲ. ವಠಾರದಲ್ಲಾಗಿದ್ದರೆ ನಾನು ಒಂದು ದಿನ ಮುಖ ಸಣ್ಣಗೆ ಮಾಡಿಕೊಂಡು ನೀರು ಹಿಡಿದರೆ ಮೂರು ಜನ "ಯಾಕೆ ಶಾರದಾ?" ಎನ್ನುತ್ತಿದ್ದರು. ಇಲ್ಲಿ ನನ್ನ ಮುಖ ನೋಡುವವರು ಮನೆಯವರೇ, ಮನೆಯವರು ಯಾರ ಮುಖವನ್ನು ತಾನೇ ನೋಡುತ್ತಾರೆ?

ಮನೆಯಲ್ಲಿ ಏಳು ಜನ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮವರು, ನಮ್ಮ ಅತ್ತೆ, ನಾನು, ಇಬ್ಬರು ಗಂಡು ಹುಡುಗರು, ಎರಡನೇ ಕ್ಲಾಸಿನಲ್ಲಿದ್ದ ಗಿರಿಜಾ, ಕೊನೆಯದು ಇನ್ನೂ ಕಂಕುಳಲ್ಲಿದ್ದ ಕೂಸು. ನಡುವೆ ನಿಲ್ಲದೆ ಹೋದವು ಎರಡು. ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ನಾನೂ ಹಿಡಿಯುತ್ತಿರಲಿಲ್ಲ.

ಸುಸ್ತು ಯಾವತ್ತು ಶುರುವಾಯಿತೆಂದು ಹೇಳಲಾರೆ. ಜ್ವರವಾದರೆ ಬಂದ ದಿನ ಗೊತ್ತಿರುತ್ತದೆ. ಇದು ಹಾಗಲ್ಲ. ಮೊದಲು ಹಂಡೆಗೆ ನೀರು ಹೊಯ್ಯುವಾಗ ನಡುವೆ ಒಮ್ಮೆ ನಿಲ್ಲತೊಡಗಿದೆ. ಆಮೇಲೆ ಎರಡು ಸಲ. ಆಮೇಲೆ ಬಚ್ಚಲ ಮೆಟ್ಟಿಲ ಮೇಲೆ ಕೂತು, ಕಿವಿಯೊಳಗೆ ಎದೆ ಹೊಡೆದುಕೊಳ್ಳುವುದನ್ನು ಕೇಳುತ್ತಾ, ಯಾರಾದರೂ ಕರೆಯುವ ತನಕ ಏಳುತ್ತಿರಲಿಲ್ಲ. ರುಬ್ಬುವಾಗ ಗುಂಡುಕಲ್ಲಿನ ಮೇಲೆ ತಲೆ ಇಟ್ಟು ತೂಕಡಿಸಿದ್ದೂ ಉಂಟು. ಹಬ್ಬ ಬಂದರೆ ಅಳು ಬರುವಂತಾಗುತ್ತಿತ್ತು. ಸೀರೆ ಕೊಳ್ಳೋಣವೆಂದರೆ ಬೇಡ, ತವರಿಗೆ ಹೋಗಿ ಬಾ ಎಂದರೆ ಬೇಡ. ನಮ್ಮವರು ಒಮ್ಮೆ ಖುಷಿಯಲ್ಲಿ, "ನೋಡಮ್ಮ, ಇವಳಿಗೆ ಆಸೆಯೇ ಇಲ್ಲ, ಪುಣ್ಯ ಮಾಡಿದ್ದೆ" ಎಂದು ಅತ್ತೆಗೆ ಹೇಳಿದರು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಅತ್ತೆ ಕೆಟ್ಟವರಲ್ಲ. ನಾಲಿಗೆ ಮಾತ್ರ ಸ್ವಲ್ಪ ಒರಟು. "ನಾನು ಏಳು ಹೆತ್ತೆ, ಬಾವಿಯಿಂದ ಸೇದಿದೆ. ನಿನಗೆ ನಲ್ಲಿ ತಿರುಗಿಸೋಕೆ ಆಯಾಸ" ಎನ್ನುತ್ತಿದ್ದರು. ಹಾಗೆಂದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ನನ್ನ ದೃಷ್ಟಿಯನ್ನೂ ತೆಗೆಯುತ್ತಿದ್ದರು. ನಮ್ಮವರು ಯಾರೋ ಹೇಳಿದರೆಂದು ಒಂದು ಲೇಹ್ಯದ ಡಬ್ಬಿ ತಂದುಕೊಟ್ಟರು. ಅದನ್ನು ಹುಡುಗರು ಬೆರಳಿನಲ್ಲಿ ನೆಕ್ಕಿ ಮುಗಿಸಿದರು.

ಈಗ ನಾಚಿಕೆಯ ವಿಷಯ. ಒಂದು ಮಧ್ಯಾಹ್ನ ಗಿರಿಜಾಳ ಸ್ಲೇಟು ಒರೆಸಿಡುತ್ತಿದ್ದೆ. ಒದ್ದೆ ಬಟ್ಟೆ ತಾಗಿದಾಗ ಬಳಪದ ವಾಸನೆ ಮೇಲೆದ್ದಿತು, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಬಾಯಲ್ಲಿ ನೀರೂರಿತು. ತುಂಡೊಂದನ್ನು ಬಾಯಿಗೆ ಹಾಕಿಕೊಂಡೆ. ಕಟುಕ್ಕೆಂದು ಮುರಿಯಿತು. ಎಷ್ಟೋ ತಿಂಗಳಾದ ಮೇಲೆ ಅವತ್ತು ನನಗೊಂದು ವಸ್ತು ಬೇಕು ಅನಿಸಿತ್ತು.

ಅಲ್ಲಿಂದ ಮುಂದೆ ದಿನಕ್ಕೊಂದು, ಎರಡು. ಉಗ್ರಾಣದ ಬಾಗಿಲ ಹಿಂದೆ ನಿಂತು ತಿನ್ನುತ್ತಿದ್ದೆ. ಅಂಗಡಿಯಿಂದ ತರಿಸಿದ ಬಳಪದ ಡಬ್ಬಿ ವಾರದೊಳಗೆ ಖಾಲಿಯಾಗುತ್ತಿತ್ತು. "ಈ ಹುಡುಗಿ ದಿನಾ ಬಳಪ ಕಳೀತಾಳೆ" ಎಂದು ಮನೆಯಲ್ಲಿ ಮಾತಾಯಿತು. ಬಳಪವಿಲ್ಲದೆ ಹೋಗಿದ್ದಕ್ಕೆ ಶಾಲೆಯಲ್ಲಿ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಉಪಾಧ್ಯಾಯಿನಿ ಚೀಟಿ ಬರೆದು ಕಳಿಸಿದ ದಿನ ನಮ್ಮವರು ಚೀಟಿ ಓದಿ ನನ್ನ ಕಡೆ ನೋಡಿದರು. ನಾನು ಗಿರಿಜಾಳ ಕಡೆ ತಿರುಗಿ, "ಎಲ್ಲಿ ಬಿಸಾಕಿ ಬರ್ತೀಯೇ?" ಎಂದು ಕೆನ್ನೆಗೆ ಒಂದು ಬಿಟ್ಟೆ. ಹೊಡೆಯುವಾಗ ನನ್ನ ಹಲ್ಲಿನ ಸಂದಿಯಲ್ಲಿ ಬಳಪದ ಪುಡಿ ಇತ್ತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಇದನ್ನು ಬರೆಯುವಾಗ ಈಗಲೂ ನನ್ನ ಕೈಯನ್ನು ಕತ್ತರಿಸಿಹಾಕಬೇಕು ಅನಿಸುತ್ತದೆ.

ದಸರಾ ರಜಕ್ಕೆ ನಮ್ಮವರ ಅಕ್ಕ ತುಮಕೂರಿನಿಂದ ಬಂದರು. ಸರಸ್ವತಿ ಅತ್ತಿಗೆ ಎಂದು ಕರೆಯುತ್ತಿದ್ದೆವು. ಅವರ ಯಜಮಾನರು ಅಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರು, ಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಅಚ್ಚುಕಟ್ಟಿನ ಹೆಂಗಸು. ಬಂದ ಮೂರನೆಯ ದಿನಕ್ಕೆ ನಮ್ಮ ಮನೆಯ ಸ್ಥಿತಿ ಪೂರ್ತಿ ಅವರ ಕಣ್ಣಿಗೆ ಬಿದ್ದಿತ್ತು. ಗುಡ್ಡೆ ಬಿದ್ದ ಬಟ್ಟೆ, ಸಿಂಬಳ ಒರೆಸದ ಕೂಸು, ಗಿರಿಜಾಳ ಗಂಟುಗಂಟಾದ ತಲೆ. ಊಟದ ಹೊತ್ತಿಗೆ ಅವರೇ ಮಾತು ತೆಗೆದರು.

"ಶಾರದಾ, ತಪ್ಪು ತಿಳ್ಕೋಬೇಡ. ನಾಲ್ಕು ಮಕ್ಕಳನ್ನ ನೋಡ್ಕೊಳ್ಳೋಕೆ ನಿನ್ನ ಕೈಲಿ ಆಗ್ತಿಲ್ಲ. ಈ ಹುಡುಗಿ ನೋಡಿದ್ರೆ ಹಿಡಿತಕ್ಕೆ ಸಿಗ್ತಿಲ್ಲ, ದಿನಕ್ಕೊಂದು ಬಳಪ ಕಳ್ಕೊಂಡು ಬರ್ತಾಳಂತೆ. ನನ್ನ ಹತ್ರ ಇರಲಿ ಬಿಡು. ಅಲ್ಲೇ ಸ್ಕೂಲಿಗೆ ಹಾಕ್ತೀವಿ. ನಾಲ್ಕಕ್ಷರ ತಿದ್ದಿ, ಶಿಸ್ತು ಕಲಿಸಿ, ದೊಡ್ಡೋಳಾದ್ಮೇಲೆ ಕಳಿಸ್ತೀವಿ."

ಹುಡುಗರು ಕೂಡ ಅನ್ನ ಕಲಸುವುದನ್ನು ನಿಲ್ಲಿಸಿದರು. ನಮ್ಮವರು, "ಏನಂತೀಯ?" ಎಂದು ನನ್ನನ್ನು ಕೇಳಿದರು. ಅವರು ನಿಜವಾಗಿಯೂ ಕೇಳಿದರು. ಬೇಡವೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ನನಗೆ ಹೊಳೆದದ್ದು ಏನು ಗೊತ್ತೆ? ಒಂದು ತಟ್ಟೆ ಕಡಿಮೆ. ದಿನಕ್ಕೆ ಒಂದು ಲಂಗ, ಒಂದು ಒಳಲಂಗ ಒಗೆಯುವುದು ಕಡಿಮೆ. ಸಿಕ್ಕು ಬಿಡಿಸಿ ಜಡೆ ಹಾಕುವುದು ತಪ್ಪಿತು.

"ಕರ್ಕೊಂಡು ಹೋಗಿ ಅತ್ತಿಗೆ" ಎಂದೆ.

ಹೊರಟ ಬೆಳಿಗ್ಗೆ ಜಟಕಾ ಗೇಟಿಗೆ ಬಂದು ನಿಂತಿತ್ತು. ಅತ್ತಿಗೆ ಒಳಗೆ ದೇವರಿಗೆ ಕೈ ಮುಗಿಯುತ್ತಿದ್ದರು. ಗಿರಿಜಾ ತನ್ನ ತಗಡಿನ ಪೆಟ್ಟಿಗೆಯ ಪಕ್ಕ ನಿಂತಿದ್ದವಳು ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಅಮ್ಮಾ, ನಾನು ಹೋದ್ಮೇಲೆ ನಿಂಗೆ ಬಳಪ ಎಲ್ಲಿಂದ ಸಿಗತ್ತೆ?" ಎಂದಳು.

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಬೆಂಚಿನ ಮೇಲೆ ನಿಂತಾಗಲೂ, ನನ್ನ ಕೈಲಿ ಹೊಡೆತ ತಿಂದಾಗಲೂ ಗೊತ್ತಿತ್ತು. ಏಳು ವರ್ಷದ ಮಗು ಬಾಯಿ ಬಿಟ್ಟಿರಲಿಲ್ಲ. ಆಗ ನಾನು ಅವಳನ್ನು ಎಳೆದು ಅಪ್ಪಿಕೊಂಡು ಜಟಕಾ ವಾಪಸು ಕಳಿಸಿದೆ ಎಂದು ಬರೆಯಲು ಎಷ್ಟು ಆಸೆ ನನಗೆ. ಆದರೆ ನಾನು ಮಾಡಿದ್ದೇ ಬೇರೆ. "ಹೋಗು, ಬಸ್ಸಿಗೆ ಹೊತ್ತಾಗತ್ತೆ" ಎಂದೆ. ಜಟಕಾ ತಿರುಗುವ ಮೊದಲೇ ಒಳಗೆ ಬಂದು ಚಾಪೆಯ ಮೇಲೆ ಬಿದ್ದುಕೊಂಡೆ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ನಾನು ಎಂಥ ತಾಯಿ ಎಂಬ ಪ್ರಶ್ನೆ ಬಂದಿತು. ಅದಕ್ಕೆ ಉತ್ತರ ಹುಡುಕಲೂ ಶಕ್ತಿ ಇರಲಿಲ್ಲ, ನಿದ್ದೆ ಹೋದೆ.

ನನ್ನನ್ನು ಕಂಡುಹಿಡಿದವಳು ನಂಜಮ್ಮ. ಜರಗನಹಳ್ಳಿಯಿಂದ ಸೊಪ್ಪಿನ ಬುಟ್ಟಿ ಹೊತ್ತು ನಡೆದುಕೊಂಡೇ ಬರುತ್ತಿದ್ದಳು. ಬಿಸಿಲೇರುವ ಮೊದಲು ನಮ್ಮ ಬೀದಿ ಮುಗಿಸುತ್ತಿದ್ದಳು. ಗಿರಿಜಾ ಹೋಗಿ ಎರಡು ವಾರವಾಗಿರಬೇಕು, ದಂಟಿನ ಸೊಪ್ಪು ತೆಗೆದುಕೊಳ್ಳಲು ಗೇಟಿಗೆ ಬಂದವಳು ಕಣ್ಣು ಕತ್ತಲಿಟ್ಟು ಅವಳ ಬುಟ್ಟಿಯ ಮೇಲೇ ವಾಲಿದೆ. ಎಚ್ಚರವಾದಾಗ ಅವಳು ನನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದಳು. ಆಮೇಲೆ ನನ್ನ ಉಗುರುಗಳನ್ನು ತಿರುಗಿಸಿ ನೋಡಿದಳು.

"ಅಯ್ಯೋ ನಮ್ಮವ್ವ, ಸುಣ್ಣ ಬಳ್ದಂಗೆ ಆಗಿದ್ದೀಯಲ್ಲ. ಏನ್ ತಿಂತೀಯ ನಿಜ ಹೇಳು. ಮಣ್ಣಾ, ಅಕ್ಕೀನಾ?"

ನಾನು ಉಗುರುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ನಾನೂ ತಿಂದೋಳೆ ಕಣವ್ವ. ಮೂರ್ನೇದು ಹುಟ್ಟಿದ್ಮೇಲೆ ಗ್ವಾಡೆ ಮಣ್ಣು ಕೆರ್ಕೊಂಡು ತಿಂತಿದ್ದೆ. ನಮ್ಮತ್ತೆ ನೋಡಿ ದೆವ್ವ ಹಿಡ್ದದೆ ಅಂದ್ಲು. ದೆವ್ವನೂ ಇಲ್ಲ, ಪಿಶಾಚೀನೂ ಇಲ್ಲ. ಮೈನಾಗೆ ರಕ್ತ ಇಲ್ದಿದ್ರೆ ಹಂಗೇ ಆಗೋದು."

"ಬಳಪ" ಎಂದೆ.

ಅವಳು ನಗಲಿಲ್ಲ, ಮೂಗಿನ ಮೇಲೆ ಬೆರಳಿಡಲೂ ಇಲ್ಲ. ಬುಟ್ಟಿ ಅಲ್ಲೇ ಬಿಟ್ಟು ಜಗಲಿಯವರೆಗೆ ಹೋಗಿ, ಎಂದೂ ಹೊಸ್ತಿಲು ದಾಟದ ಹೆಂಗಸು, ಅಲ್ಲಿಂದಲೇ ಗಟ್ಟಿಯಾಗಿ ಕೂಗಿದಳು. "ದೊಡ್ಡಮ್ಮಾರೇ, ನಿಮ್ ಸೊಸೇನ ಲೇಡಿ ಡಾಕ್ಟ್ರತ್ರ ಕರ್ಕೊಂಡೋಗಿ. ಇಲ್ದಿದ್ರೆ ಈ ಸೊಪ್ಪು ತಗೊಳ್ಳೋಕೆ ಬೇರೆ ಸೊಸೆ ತಂದ್ಕೋಬೇಕಾಗ್ತದೆ." ಅತ್ತೆ ಹೊರಗೆ ಬಂದು ಅವಳಿಗೆ ಬಯ್ಯಲು ಬಾಯಿ ತೆರೆದವರು, ಗೇಟಿಗೆ ಒರಗಿದ್ದ ನನ್ನನ್ನು ನೋಡಿ ಮೆಟ್ಟಿಲಿಳಿದು ಬಂದರು.

ನಮ್ಮವರು ಅರ್ಧ ದಿನ ರಜ ಹಾಕಿ ಬಸವನಗುಡಿಯಲ್ಲಿದ್ದ ಒಬ್ಬ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದರು. ಹಳೆಯ ಮನೆಯೊಂದರ ಮುಂದಿನ ಕೋಣೆ, ಗೋಡೆಗೆ ಎರಡು ಮರದ ಬೆಂಚು. ಗಂಡಸರೆಲ್ಲ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದರು. ಬೆಂಚಿನ ಮೇಲೆ ಹೆಂಗಸರು ಔಷಧಿಗೆ ಮನೆಯಿಂದ ತಂದ ಖಾಲಿ ಬಾಟಲಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದರು. ಎರಡು ಗಂಟೆ ಕಾದೆ. ನಿಜ ಹೇಳಲೇ? ಆ ಎರಡು ಗಂಟೆ ನನಗೆ ಸುಖವಾಗಿತ್ತು. ಕೂತಿರುವುದೇ ಅಲ್ಲಿ ನನ್ನ ಕೆಲಸ. ಯಾರೂ ಅನ್ನ ಕೇಳುವುದಿಲ್ಲ, ಯಾರೂ "ಅಮ್ಮಾ" ಎನ್ನುವುದಿಲ್ಲ. ಪಕ್ಕದಲ್ಲಿದ್ದ ಒಬ್ಬಾಕೆ, "ನಿಮ್ಮದು ಇನ್ನೂ ತಡವಾಗುತ್ತೇನೋ ಪಾಪ" ಎಂದಾಗ, ಆಗಲಿ ಎಂದುಕೊಂಡೆ.

ಡಾಕ್ಟರು ನಡುವಯಸ್ಸಿನವರು, ಬಿಳಿ ಕೈಮಗ್ಗದ ಸೀರೆ, ದಪ್ಪ ಕನ್ನಡಕ. ಎಲ್ಲ ನೋಡಿದ ಮೇಲೆ ಕೇಳಿದರು.

"ನಿನ್ನೆ ಏನೇನು ತಿಂದ್ರಿ ಹೇಳಿ."

"ಬೆಳಗ್ಗೆ ಅವಲಕ್ಕಿ ಒಗ್ಗರಣೆ. ಆಮೇಲೆ ಹುರುಳಿಕಾಯಿ ಪಲ್ಯ, ಸೋರೆಕಾಯಿ ಹುಳಿ, ಕೋಸಂಬರಿ, ತಿಳಿಸಾರು. ಸಾಯಂಕಾಲ ಮಕ್ಕಳಿಗೆ ರವೆ ದೋಸೆ. ರಾತ್ರಿಗೆ ಗೊಜ್ಜು, ಹಪ್ಪಳ."

ಅವರು ಬರೆದುಕೊಳ್ಳುತ್ತಿದ್ದ ಪೆನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು.

"ಅದೆಲ್ಲ ನೀವು ಮಾಡಿದ್ದು. ನಾನು ಕೇಳಿದ್ದು ತಿಂದದ್ದು."

ಅವರು ಕೇಳುವವರೆಗೆ ಆ ಎರಡೂ ಬೇರೆ ಬೇರೆ ಎಂದು ನನ್ನ ತಲೆಗೇ ಹೋಗಿರಲಿಲ್ಲ. ನಮ್ಮ ಮನೆಯ ಪದ್ಧತಿ ಹೀಗಿತ್ತು: ಆಫೀಸಿಗೆ, ಶಾಲೆಗೆ ಹೋಗುವವರಿಗೆ ದೇವರ ಪಾಲು ಎತ್ತಿಟ್ಟು ಮೊದಲೇ ಬಡಿಸಬಹುದು. ಮನೆಯಲ್ಲಿರುವ ಹೆಂಗಸರಿಗೆ ಆ ವಿನಾಯಿತಿ ಇಲ್ಲ. ಅತ್ತೆಯ ಪೂಜೆ ಮುಗಿದು ನೈವೇದ್ಯವಾಗುವಾಗ ಹನ್ನೊಂದೂವರೆ, ಹನ್ನೆರಡು. ಆಮೇಲೆ ಅವರ ಊಟ, ಶಾಲೆಯಿಂದ ಬರುವ ಮಕ್ಕಳ ಊಟ, ಕೂಸಿನದು. ಎಂಜಲು ಬಳಿದು ನಾನು ಕೂರುವಾಗ ಎರಡೂವರೆ. ಅಷ್ಟು ಹೊತ್ತಿಗೆ ಹಸಿವು ಸತ್ತು, ಪಾತ್ರೆಯ ತಳದಲ್ಲಿದ್ದ ಅನ್ನಕ್ಕೆ ಮಜ್ಜಿಗೆ ಸುರಿದು ಕುಡಿದಂತೆ ಉಂಡು ಏಳುತ್ತಿದ್ದೆ. ಪಲ್ಯ ಉಳಿದಿದ್ದರೆ ರಾತ್ರಿಗೆ ನಮ್ಮವರಿಗಾಗುತ್ತದೆಂದು ಮುಚ್ಚಿಡುತ್ತಿದ್ದೆ. ಕಾಫಿಗೆ ಮಾತ್ರ ಯಾವ ಮಡಿಯೂ ಇರಲಿಲ್ಲ. ತಲೆ ಸುತ್ತಿದರೆ ಅರ್ಧ ಲೋಟ, ಕಾಲು ನಡುಗಿದರೆ ಅರ್ಧ ಲೋಟ. ನನ್ನನ್ನು ನಡೆಸುತ್ತಿದ್ದದ್ದೇ ಅದು.

ಇಷ್ಟನ್ನೂ ಹೇಳಿದೆ. ಕೊನೆಗೆ ತಲೆ ತಗ್ಗಿಸಿ ಬಳಪದ ವಿಷಯವನ್ನೂ ಹೇಳಿದೆ.

"ಪರವಾಗಿಲ್ಲಮ್ಮ" ಎಂದರು ಡಾಕ್ಟರು. "ಒಬ್ಬರು ವಿಭೂತಿ ತಿಂತೀನಿ ಅಂತಾರೆ, ಒಬ್ಬರು ಇದ್ದಿಲು. ಮರ್ಯಾದಸ್ಥರ ಮನೆಯವರೇ. ಎಲ್ಲರೂ ತಾವೊಬ್ಬರೇ ಅನ್ಕೊಂಡಿರ್ತಾರೆ. ನೀವು ಹುಚ್ಚಿಯೂ ಅಲ್ಲ, ಸೋಮಾರಿಯೂ ಅಲ್ಲ. ನಿಮ್ಮ ಮೈಯಲ್ಲಿ ರಕ್ತ ಇಲ್ಲ, ಅಷ್ಟೇ."

ಅಷ್ಟೇ ಅಂತೆ! ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿಯನ್ನು ಕಾಗದಕ್ಕೆ ಒತ್ತಿ ತೋರಿಸಿದರು. ರಕ್ತವೆಂದು ಯಾರೂ ಹೇಳದಂಥ ಬಣ್ಣ, ನೀರಿಗೆ ಬಿದ್ದ ಕುಂಕುಮ. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಹೃದಯ ತಡೆಯುತ್ತಿರಲಿಲ್ಲ ಎಂದರು. ನನಗೆ ಹೆದರಿಕೆಗಿಂತ ಹೆಚ್ಚಾಗಿ ಸಮಾಧಾನವಾಯಿತು. ಇದು ನನ್ನ ಗುಣವಲ್ಲ, ರೋಗ.

ನಮ್ಮವರನ್ನು ಮರದ ಕೆಳಗಿನಿಂದ ಒಳಗೆ ಕರೆಸಿದರು. ಕಬ್ಬಿಣದ ಮಾತ್ರೆ, ಹುಳುವಿನ ಔಷಧಿ, ವಾರಕ್ಕೊಂದು ಇಂಜೆಕ್ಷನ್, ಎಲ್ಲ ಬರೆದುಕೊಟ್ಟು, "ಇದನ್ನೆಲ್ಲ ಕೊಡಿಸೋದು ಸುಲಭ. ಕಷ್ಟದ್ದು ಈಗ ಹೇಳ್ತೀನಿ. ಬೆಳಗ್ಗೆ ಎಂಟಕ್ಕೆ ಇವರು ಊಟ ಮಾಡಬೇಕು. ಸೊಪ್ಪು, ಬೇಳೆ, ಹೊಟ್ಟೆ ತುಂಬ. ಮನೆಯಲ್ಲಿ ಎಲ್ಲರಿಗಿಂತ ಮೊದಲು. ಮಧ್ಯಾಹ್ನ ಒಂದು ಗಂಟೆ ಮಲಗಬೇಕು. ಆಗುತ್ತಾ?" ಎಂದು ಕೇಳಿದರು.

"ನಮ್ಮ ತಾಯಿ ಮಡಿ…" ಎಂದು ನಮ್ಮವರು ಶುರು ಮಾಡಿದರು.

"ನಿಮ್ಮ ತಾಯಿಯವರಿಗೆ ನಾನೇ ಹೇಳ್ಬೇಕಾ?"

"ಬೇಡ ಡಾಕ್ಟ್ರೇ, ನಾನು ಹೇಳ್ತೀನಿ" ಎಂದರು. ಜಟಕಾ ಮನೆ ಹತ್ತಿರ ಬಂದಾಗ, "ನಾನು ನಿನಗೆ ಆಸೆಯೇ ಇಲ್ಲ ಅನ್ಕೊಂಡಿದ್ದೆ" ಎಂದು ಮಾತ್ರ ಹೇಳಿ ಮುಖ ಆಚೆ ತಿರುಗಿಸಿಕೊಂಡರು.

ನೈವೇದ್ಯಕ್ಕೆ ಮೊದಲು ಊಟ ಎಂದು ಕೇಳಿ ಅತ್ತೆ ಒಂದು ದಿನ ಪೂರ್ತಿ ಯಾರ ಹತ್ತಿರವೂ ಮಾತಾಡಲಿಲ್ಲ. ನಾನು ರಂಪಕ್ಕೆ ಸಿದ್ಧಳಾಗಿದ್ದೆ. ಮಾರನೆಯ ದಿನ ಬೆಳಗಿನ ಐದೂವರೆಗೆ ದೇವರ ಮನೆಯಲ್ಲಿ ಗಂಟೆ ಕೇಳಿತು. ಹೋಗಿ ನೋಡಿದರೆ ಅತ್ತೆ ಆಗಲೇ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ನಡುಗುತ್ತಾ ಪೂಜೆಗೆ ಕೂತಿದ್ದರು. ಏಳೂಮುಕ್ಕಾಲಿಗೆ ನೈವೇದ್ಯ ಮುಗಿಸಿ ಹೊರಗೆ ಬಂದು, "ದೇವರಿಗೆ ಇನ್ಮೇಲೆ ಬೇಗ ಹಸಿವಾಗತ್ತೆ. ಎಲೆ ಹಾಕ್ಕೋ" ಎಂದರು. ಎಪ್ಪತ್ತರ ಹತ್ತಿರದ ಹೆಂಗಸು, ತಮ್ಮ ಒಂದು ನಿಯಮವನ್ನೂ ಬಿಡದೆ, ನನಗೋಸ್ಕರ ದೇವರ ಊಟದ ಹೊತ್ತನ್ನೇ ನಾಲ್ಕು ಗಂಟೆ ಹಿಂದಕ್ಕೆ ತಂದಿದ್ದರು. ಅವರ ಬಗ್ಗೆ ನನ್ನ ಮನಸ್ಸಿನಲ್ಲಿ ಇದ್ದ ಎಷ್ಟೋ ದೂರುಗಳನ್ನು ಅವತ್ತು ಬಿಟ್ಟೆ. ಎಲ್ಲವನ್ನೂ ಅಲ್ಲ.

ಮೊದಲು ಕೂತು ಉಣ್ಣುವುದು ಕಲಿಯಲು ನನಗೆ ವಾರಗಳೇ ಬೇಕಾದವು. ಸುತ್ತ ಹುಡುಗರು ಶಾಲೆಗೆ ಸಿದ್ಧವಾಗುತ್ತಿದ್ದರೆ ನಾನು ಎಲೆಯ ಮುಂದೆ! ಕಳ್ಳತನ ಮಾಡಿದವಳ ಹಾಗೆ ಬಾಗಿಲ ಕಡೆ ನೋಡುತ್ತಾ ಉಣ್ಣುತ್ತಿದ್ದೆ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಮಲ ಕಪ್ಪಗಾದದ್ದನ್ನು ನೋಡಿ ನನ್ನ ಕಥೆ ಮುಗಿಯಿತೆಂದೇ ಹೆದರಿದೆ. ಕಬ್ಬಿಣ ತಿಂದರೆ ಹಾಗೇ ಆಗುವುದೆಂದು ಯಾರಾದರೂ ಮೊದಲೇ ಹೇಳಬಾರದಿತ್ತೆ? ಬಳಪದ ಆಸೆ ಹೋಗಲಿಲ್ಲ. ಎರಡು ಸಲ ಸೋತೆ. ನಂಜಮ್ಮ ಬಂದಾಗಲೆಲ್ಲ ರೆಪ್ಪೆ ಎಳೆದು ನೋಡಿ, "ಇನ್ನೂ ಇಲ್ಲ, ಇನ್ನೂ ಇಲ್ಲ" ಎನ್ನುತ್ತಾ ಒಂದು ಕಟ್ಟು ನುಗ್ಗೆ ಸೊಪ್ಪು ಹೆಚ್ಚಿಗೆ ಹಾಕುತ್ತಿದ್ದಳು.

ಯಾರೂ ಹೇಳದ ಮಾತೊಂದಿದೆ. ಈ ಸುಸ್ತು ಒಂದೇ ದಿನ ಬಿಟ್ಟು ಹೋಗುವುದಿಲ್ಲ. ಒಂದು ವಾರ ಚೆನ್ನಾಗಿದ್ದು ಮತ್ತೆ ಮೂರು ದಿನ ಮಲಗಿಸುತ್ತದೆ. ಹಾಗೆ ಮಲಗಿದ ದಿನ ಎಲ್ಲ ಸುಳ್ಳು, ನಾನು ಇರುವುದೇ ಹೀಗೆ ಅನಿಸುತ್ತದೆ. ಹಾಗಲ್ಲವೆಂದು ಹೇಳಲು ಯಾರಾದರೂ ಹತ್ತಿರ ಇರಬೇಕು.

ಸುಮಾರು ಮೂರು ತಿಂಗಳಾಗಿತ್ತು. ಗಿರಿಜಾಳಿಂದ ಹದಿನೈದು ದಿನಕ್ಕೊಂದು ಕಾರ್ಡು ಬರುತ್ತಿತ್ತು. ಎಲ್ಲದರಲ್ಲೂ ಅತ್ತಿಗೆ ಹೇಳಿ ಬರೆಸಿದ ಅದೇ ಸಾಲುಗಳು, ಗುಂಡಗೆ, ತಪ್ಪಿಲ್ಲದೆ: ನಾನು ಕ್ಷೇಮ, ಚೆನ್ನಾಗಿ ಓದುತ್ತಿದ್ದೇನೆ. ಓದಿ ಕಾರ್ಡು ಸಿಕ್ಕಿಸುವ ತಂತಿಗೆ ಚುಚ್ಚುತ್ತಿದ್ದೆ. ಆ ದಿನವೂ ಚುಚ್ಚಿ ಬಂದು ರವೆ ಜರಡಿ ಹಿಡಿಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಅಳು ಬಂತು. ಸಣ್ಣ ಅಳುವಲ್ಲ. ಜರಡಿ ಕೈಜಾರಿ, ರವೆಯೆಲ್ಲ ನೆಲಕ್ಕೆ ಚೆಲ್ಲಿತು. ಹೆತ್ತಾಗಲೂ ನಾನು ಹಾಗೆ ಕಿರುಚಿರಲಿಲ್ಲ. ಅತ್ತೆ ಓಡಿ ಬಂದರು.

"ಏನಾಯ್ತೇ? ಎಲ್ಲಿ ನೋವು?"

"ಗಿರಿಜಾ ಬೇಕು."

"ಅಯ್ಯೋ, ಅವಳು ಹೋಗಿ ಮೂರು ತಿಂಗಳಾಯ್ತು. ಈಗ ಅಳ್ತೀಯಾ?"

"ಈಗ ಬಂತು ಅತ್ತೆ. ಆಗ ಬರಲಿಲ್ಲ."

ಅತ್ತೆ ರವೆಯ ಮೇಲೇ ಕೂತು ನನ್ನ ಬೆನ್ನು ನೀವಿದರು. ಜೀವದಲ್ಲಿ ತ್ರಾಣವಿಲ್ಲದವಳಿಗೆ ದುಃಖಪಡುವುದೂ ಆಗುವುದಿಲ್ಲ ಎಂದು ನನಗೆ ತಿಳಿದದ್ದು ಆವತ್ತು. ನಾನು ಗುಣವಾಗುತ್ತಿದ್ದೇನೆ ಎಂಬುದಕ್ಕೆ ಮೊದಲ ಗುರುತು ಆ ಅಳು. ಎದುರು ಮನೆಯ ಹುಡುಗಿಗೆ ಇದನ್ನೇ ಎರಡೆರಡು ಸಲ ಹೇಳಿದೆ. ಮಕ್ಕಳು ಬೇಡ ಅನಿಸಿದರೆ ನೀನು ಕೆಟ್ಟ ತಾಯಿಯಲ್ಲ ಮಗು, ನಿನ್ನ ರಕ್ತ ಪರೀಕ್ಷೆ ಮಾಡಿಸು.

ಮಗಳನ್ನು ಕರೆತರುವುದು ಅಳುವಷ್ಟು ಸುಲಭವಾಗಲಿಲ್ಲ. ನಡುವರ್ಷ ಶಾಲೆ ಬಿಡಿಸಬಾರದೆಂದು ಅತ್ತಿಗೆ ಬರೆದರು. ನ್ಯಾಯವೇ. ಪರೀಕ್ಷೆ ಮುಗಿಯುವವರೆಗೆ ಕಾದು, ಏಪ್ರಿಲ್ ಬಿಸಿಲಿನಲ್ಲಿ ನಾನೂ ನಮ್ಮವರೂ ತುಮಕೂರಿಗೆ ಹೋದೆವು. ಗಿರಿಜಾ ಎತ್ತರವಾಗಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ನನ್ನನ್ನು ನೋಡಿ ಓಡಿ ಬರಲಿಲ್ಲ, ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದಿಟ್ಟಳು.

"ಹೊಂದ್ಕೊಂಡಿದ್ದಾಳೆ ಶಾರದಾ" ಎಂದರು ಅತ್ತಿಗೆ. ಅವರ ಕಣ್ಣು ತುಂಬಿತ್ತು. "ಈಗ ಒಂದು ಬಳಪ ಕೂಡ ಕಳೆಯಲ್ಲ. ಇಲ್ಲೇ ಇರಲಿ."

ಭಾವ, ನಮ್ಮವರು, ಗಿರಿಜಾ, ಎಲ್ಲರೂ ಅಲ್ಲೇ ಇದ್ದರು. ಬಸ್ಸಿನುದ್ದಕ್ಕೂ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ, ಆದರೂ ನಾಲಿಗೆ ತೊದಲಿತು.

"ಅವಳು ಯಾವತ್ತೂ ಕಳೆದಿರಲಿಲ್ಲ ಅತ್ತಿಗೆ. ನಾನು ತಿಂತಿದ್ದೆ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಲಿ ಹೊಡೆಸ್ಕೊಂಡ್ಳು."

ನಮ್ಮವರಿಗೆ ಬಳಪದ ವಿಷಯ ಡಾಕ್ಟರಿಂದ ತಿಳಿದಿತ್ತು. ಆ ಹೊಡೆತದ ವಿಷಯವನ್ನು ಅವರು ಹೀಗೆ ಜೋಡಿಸಿ ನೋಡಿರಲಿಲ್ಲ. ಎದ್ದು ಹೊರಗೆ ಹೋಗಿ ನಿಂತರು. ಗಿರಿಜಾ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಅವಳನ್ನು ಕೇಳಿದೆ.

"ನಮ್ಮನೆಗೆ ಬರ್ತೀಯಾ?"

"ನಿಂಗೆ ಸುಸ್ತು ಹೋಯ್ತಾ?"

"ಪೂರ್ತಿ ಹೋಗಿಲ್ಲ" ಎಂದೆ. ಅವಳಿಗೆ ಇನ್ನೊಂದು ಸುಳ್ಳು ಹೇಳಲಾರೆ.

ಅವಳು ಲಂಗದ ಅಂಚನ್ನು ಬಿಟ್ಟು ಪೆಟ್ಟಿಗೆ ತರಲು ಒಳಗೆ ಹೋದಳು. ಅತ್ತಿಗೆ ನನ್ನ ಮೇಲೆ ಬಹಳ ದಿನ ಕೋಪ ಇಟ್ಟುಕೊಂಡಿದ್ದರು. ಮಗುವನ್ನು ಕೊಟ್ಟು ಕಿತ್ತುಕೊಂಡೆ ಎಂದು. ಅದೂ ನಿಜವೇ.

ಮಗಳು ಮನೆಗೆ ಬಂದಳು, ಆದರೆ ಹೋದವಳು ಬರಲಿಲ್ಲ. ಬಂದವಳು ಬೇರೆ. ತನ್ನ ತಟ್ಟೆ ತಾನೇ ತೊಳೆಯುವಳು, ತನ್ನ ಬಟ್ಟೆ ತಾನೇ ಹಿಂಡುವಳು. ಏನು ಬೇಕು ಎಂದರೆ "ಏನೂ ಬೇಡಮ್ಮ." ನಾನು ಮಧ್ಯಾಹ್ನ ಮಲಗಿದರೆ ಬಾಗಿಲಲ್ಲಿ ಕಾವಲು ಕೂತು, ಅಣ್ಣಂದಿರಿಗೆ, "ಶ್! ಅಮ್ಮಂಗೆ ಸುಸ್ತು" ಎನ್ನುವಳು. ನೋಡಿದವರೆಲ್ಲ ಹೊಗಳಿದರು. ಇಂಥ ಮಗಳು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದರು. ಆಸೆಯಿಲ್ಲದ ಹೆಂಗಸನ್ನು ಕೂಡ ಹೀಗೇ ಹೊಗಳಿದ್ದರಲ್ಲ. ಮತ್ತೆ ಎಲ್ಲಿ ಕಳಿಸಿಬಿಡುತ್ತಾರೋ ಎಂದು ಆ ಮಗು ಒಳ್ಳೆಯತನ ಮಾಡುತ್ತಿತ್ತು. ಕಬ್ಬಿಣದ ಮಾತ್ರೆ ನನ್ನ ರಕ್ತಕ್ಕಾಯಿತು, ಇದಕ್ಕೆ ಯಾವ ಡಾಕ್ಟರ ಹತ್ತಿರ ಹೋಗಲಿ? ನಾನು ಬೆಳಗ್ಗೆ ಎಂಟಕ್ಕೆ ಉಣ್ಣುತ್ತಿದ್ದೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ, ಕಾಯುತ್ತಿದ್ದೆ. ಮಳೆಗಾಲ ಕಳೆಯಿತು.

ಒಂದು ಭಾನುವಾರದ ಮಧ್ಯಾಹ್ನ ಒಳ್ಳೆಯ ನಿದ್ದೆಯಲ್ಲಿದ್ದೆ. ಯಾರೋ ತೋಳು ಹಿಡಿದು ಅಲ್ಲಾಡಿಸಿದರು. ಕಣ್ಣು ಬಿಟ್ಟರೆ ಗಿರಿಜಾ. ಮೂಗು ಕೆಂಪಗಾಗಿ, ಸಿಂಬಳ ಸುರಿದು, ಒಂದು ಕಾಲಿಗೆಲ್ಲ ಕೆಸರು. ಅಣ್ಣಂದಿರು ಖಾಲಿ ಸೈಟಿನಲ್ಲಿ ಆಟಕ್ಕೆ ಸೇರಿಸಿಕೊಳ್ಳದೆ ದಬ್ಬಿದ್ದರಂತೆ.

"ಅಮ್ಮಾ ಏಳು! ಅವರಿಗೆ ಬಯ್ಯಿ ಬಾ!"

ಬಾಗಿಲಿನಿಂದ ಅತ್ತೆ, "ಲೇ, ಅಮ್ಮ ಮಲಗಿದ್ದಾಳೆ ಕಣೇ" ಎಂದರು.

"ಮಲಗಿದ್ರೆ ಏನಂತೆ? ನನ್ನಮ್ಮ ಅಲ್ವಾ? ಏಳು ಅಂದ್ರೆ ಏಳು!" ಎಂದು ಕಿರುಚಿ, ಕೆಸರಿನ ಕಾಲನ್ನು ನನ್ನ ಹಾಸಿಗೆಯ ಮೇಲೆ ಅಪ್ಪಳಿಸಿದಳು.

ನನಗೆ ಸುಸ್ತಿತ್ತು. ಸೆರಗು ಸಿಕ್ಕಿಸಿಕೊಂಡು ಎದ್ದು, ಅವಳ ಕೈ ಹಿಡಿದುಕೊಂಡು, ಬಿಸಿಲಿಗೆ ಬರಿಗಾಲಲ್ಲಿ ಬಯ್ಯಲು ಹೊರಟೆ.